ಕೇಶಿರಾಜ: ಬದುಕು ಮತ್ತು ಶಬ್ದವಿಚಾರ

ಹಳಗನ್ನಡ ವೈಯಾಕರಣರಲ್ಲಿ ಅಗ್ರಗಣ್ಯನಾದ ಕೇಶಿರಾಜನ ಬದುಕಿನ ವಿವರಗಳು ಬಹುಮಟ್ಟಿಗೆ ಅವನ ಕೃತಿಯಿಂದಲೇ ತಿಳಿದುಬರುತ್ತವೆ. ಅವನ ಕಾಲ ಸುಮಾರು ಕ್ರಿ.ಶ. 1260. ತಂದೆ ‘ಸೂಕ್ತಿಸುಧಾರ್ಣವ’ದ ಸಂಕಲನಕಾರನಾದ ಮಲ್ಲಿಕಾರ್ಜುನ, ಮಾತಾಮಹ ಕವಿ ಸುಮನೋಬಾಣ, ಸೋದರಮಾವ ‘ಯಶೋಧರ ಚರಿತೆ’ಯ ಜನ್ನ. ಹೊಯ್ಸಳರ ಆಶ್ರಯದಲ್ಲಿ ಬೆಳೆದ ಈ ಕವಿಕುಟುಂಬದಲ್ಲಿ ಕೇಶಿರಾಜನೂ ಮೊದಲು ಕವಿಯೇ. ‘ಚೋಳಪಾಲಕ ಚರಿತ’, ‘ಸುಭದ್ರಾಹರಣ’, ‘ಪ್ರಬೋಧಚಂದ್ರ’, ‘ಕಿರಾತ’ ಎಂಬ ಕಾವ್ಯಗಳನ್ನು ತಾನು ರಚಿಸಿದುದಾಗಿ ಅವನು ಹೇಳಿಕೊಂಡಿದ್ದಾನೆ. ಅವುಗಳಲ್ಲಿ ಒಂದೂ ದೊರೆತಿಲ್ಲ. ಉಳಿದುಬಂದುದು ‘ಶಬ್ದಮಣಿದರ್ಪಣ’ವೊಂದೇ.

ಇಮ್ಮಡಿ ನಾಗವರ್ಮನು ‘ಕರ್ಣಾಟಕ ಭಾಷಾಭೂಷಣ’ದ ಸೂತ್ರಗಳನ್ನು ಸಂಸ್ಕೃತದಲ್ಲಿ ರಚಿಸಿದ್ದನು. ಕೇಶಿರಾಜನಾದರೋ ಕನ್ನಡದ ಕಂದಪದ್ಯಗಳಲ್ಲಿಯೇ ಸೂತ್ರಗಳನ್ನು ರಚಿಸಿ, ತಾನೇ ವೃತ್ತಿಯನ್ನೂ ಬರೆದನು. ಪದಗಳು ಕೂಡುವಾಗ ಧ್ವನಿಗಳು ಪಡೆಯುವ ವ್ಯತ್ಯಾಸಗಳ ನಿರೂಪಣೆಯಲ್ಲಿ ಅವನ ಸೂಕ್ಷ್ಮದೃಷ್ಟಿ ಎದ್ದುಕಾಣುತ್ತದೆ. ಮಳೆ, ಕಾಲ ಎಂಬ ಪದಗಳು ಸಮಾಸವಾದಾಗ ‘ಮಳೆಗಾಲ’ವಾಗುವುದೂ, ಬೆಟ್ಟ, ತಾವರೆ ಎಂಬವು ‘ಬೆಟ್ಟದಾವರೆ’ಯಾಗುವುದೂ ಇಂತಹ ಆದೇಶಕ್ಕೆ ನಿದರ್ಶನಗಳು. ಕನ್ನಡದ ಸಂಧಿ ಸಂಸ್ಕೃತ ಸಂಧಿಯ ಅನುಕರಣೆಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅವನ ಕಾಲಕ್ಕೆ ೞಕಾರ ಬಳಕೆಯಿಂದ ಮರೆಯಾಗುತ್ತಿತ್ತು. ಅದರ ಸ್ಥಾನವನ್ನು ಳಕಾರ, ಕೆಲವೆಡೆ ರೇಫ ಆಕ್ರಮಿಸಿದ್ದವು. ಪ್ರಾಸದಲ್ಲಿ ಇವುಗಳ ಬೆರಕೆ ದೋಷವೆನಿಸುತ್ತಿದ್ದುದರಿಂದ ೞಕಾರವುಳ್ಳ ಶಬ್ದಗಳನ್ನು ಅವನು ಪಟ್ಟಿಮಾಡಿದನು. ಅಳಿಯುತ್ತಿದ್ದ ಧ್ವನಿಯೊಂದರ ದಾಖಲೆಯಾಗಿ ಈ ಪಟ್ಟಿಗೆ ವಿಶೇಷ ಮಹತ್ತ್ವವಿದೆ.

ಆದರೆ ಕೇಶಿರಾಜನಿಗೆ ಪ್ರಮಾಣವಾದುದು ಪೂರ್ವಕವಿಗಳ ಪ್ರಯೋಗವೇ ಹೊರತು ಜನರ ಆಡುಮಾತಲ್ಲ. ಪ್ರಾದೇಶಿಕ ರೂಪಗಳು ಇಂತಹ ಲಕ್ಷಣದ ಹೊರಗುಳಿಯುವುದು ಸಹಜ. ಕಲ್ಯಾಣದ ಚಾಲುಕ್ಯರ ಕಾಲದ ಆಳಂದೆ ಸಾಸಿರ ನಾಡನ್ನು ನೆನಪಿಸುವ ಆಳಂದ, ಅದರ ನೆರೆಯ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಮಾತನ್ನು ನಿದರ್ಶನವಾಗಿ ನೋಡಬಹುದು. ಗ್ರಾಂಥಿಕ ಭಾಷೆಯಲ್ಲಿ ‘ಮನೆ’ಗೆ ಸ್ವರಾದಿ ಪ್ರತ್ಯಯ ಸೇರಿದಾಗ ಯಕಾರ ಆಗಮವಾಗಿ ಬರುತ್ತದೆ. ಇಲ್ಲಿಯಾದರೋ ‘ಮನಿ’ಯ ಇಕಾರವೇ ಯಕಾರವಾಗಿ ‘ಮನ್ಯಾಗ’ ಎಂಬ ರೂಪ ಸಿದ್ಧಿಸುತ್ತದೆ. ಆದರೂ ‘ಮಳಿಗಾಲ’ದಲ್ಲಿ ಗಕಾರಾದೇಶ ಅಳಿದಿಲ್ಲ. ಸ್ವರ ಬದಲಾದರೂ ಸಮಾಸದ ನಿಯಮ ಉಳಿದಿದೆ.

1872ರಲ್ಲಿ ಮಂಗಳೂರಿನಿಂದ ಎಫ್. ಕಿಟ್ಟೆಲ್ ಪ್ರಕಟಿಸಿದ ಆವೃತ್ತಿಯಿಂದಾಗಿ ‘ಶಬ್ದಮಣಿದರ್ಪಣ’ವು ಆಧುನಿಕ ಭಾಷಾಧ್ಯಯನಕ್ಕೆ ಒದಗಿತು. ಕಾವ್ಯಗಳು ಅಳಿದರೂ ಶಾಸ್ತ್ರದಿಂದ ಉಳಿದ ಕೇಶಿರಾಜನು ಆಡುಮಾತನ್ನು ವಿವರಿಸಲಿಲ್ಲ. ಆದರೆ ಅದನ್ನು ಅಳೆದು ನೋಡಲು ಬೇಕಾದ ಮಾನದಂಡವನ್ನು ಅವನೇ ಒದಗಿಸಿದ್ದಾನೆ.