39 ಅಂಕೆಯ ಸಂಖ್ಯೆ, ಕೈಯಲ್ಲೇ ಲೆಕ್ಕ

170141183460469231731687303715884105727.

ಎಣಿಸೋದು ಬೇಡ, 39 ಅಂಕೆ ಇದೆ. 2ರ 127ನೇ ಘಾತದಿಂದ 1 ಕಳೆದರೆ ಬರೋದು ಇದು. ಬೈನರಿಯಲ್ಲಿ ಬರೆದರೆ ಸಾಲಾಗಿ 127 ಒಂದುಗಳು, ಮಧ್ಯೆ ಒಂದೂ ಸೊನ್ನೆ ಇಲ್ಲ. 128 ಬಿಟ್‌ನ ಸೈನ್ಡ್ ಇಂಟಿಜರ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೂ ಇದೇ. ಇದು ಅವಿಭಾಜ್ಯ ಅಂತ 1876ರಲ್ಲಿ ತೋರಿಸಿದವರು ಎಡ್ವರ್ಡ್ ಲೂಕಾಸ್. ಹೆಸರು ಕೇಳಿಲ್ಲ ಅನ್ನೋ ನಾವೂ ಅವರ ಆಟವನ್ನು ಲ್ಯಾಬ್‌ನಲ್ಲಿ ಕೋಡ್ ಮಾಡಿದ್ದೀವಿ: ಟವರ್ ಆಫ್ ಹನೋಯ್.

ಲೂಕಾಸ್ ಹುಟ್ಟಿದ್ದು 1842ರಲ್ಲಿ, ಫ್ರಾನ್ಸಿನ ಅಮಿಯೆನ್ಸ್‌ನಲ್ಲಿ. ಪ್ಯಾರಿಸ್ ವೀಕ್ಷಣಾಲಯದಲ್ಲಿ ಕೆಲಸ, ಪ್ರಷ್ಯಾ ಜೊತೆಗಿನ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿ, ಆಮೇಲೆ ಗಣಿತದ ಮೇಷ್ಟ್ರು. ಫಿಬೊನಾಚಿ ಸರಣಿಗೆ ಆ ಹೆಸರು ಬಳಕೆಗೆ ತಂದವರೂ ಇವರೇ.

ಮರ್ಸೆನ್ ಅನ್ನೋ ಪಾದ್ರಿ 1644ರಲ್ಲೇ ಇಂಥ ಅವಿಭಾಜ್ಯಗಳ ಪಟ್ಟಿ ಕೊಟ್ಟಿದ್ದರು, ಸಾಬೀತು ಮಾತ್ರ ಇರಲಿಲ್ಲ. ನಾವಾದರೆ ಏನು ಮಾಡ್ತೀವಿ? ಫಾರ್ ಲೂಪ್ ಹಾಕಿ ಭಾಗಿಸ್ತಾ ಹೋಗ್ತೀವಿ. ಸೆಕೆಂಡಿಗೆ 100 ಕೋಟಿ ಭಾಗಾಕಾರ ಮಾಡೋ ಯಂತ್ರ ಇದ್ದು, ವರ್ಗಮೂಲದ ತನಕ ಬೆಸ ಸಂಖ್ಯೆಗಳನ್ನಷ್ಟೇ ನೋಡಿದರೂ 200 ವರ್ಷ ದಾಟತ್ತೆ.

ಲೂಕಾಸ್ ಭಾಗಿಸೋಕೆ ಹೋಗಲೇ ಇಲ್ಲ. ಅವರ ಉಪಾಯವನ್ನು 1930ರಲ್ಲಿ ಲೆಹ್ಮರ್ ಸರಳ ಮಾಡಿಕೊಟ್ಟ ರೂಪದಲ್ಲಿ ನೋಡೋಣ. 4ರಿಂದ ಶುರು. ವರ್ಗ ಮಾಡು, 2 ಕಳೆ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಕೋ, ಮತ್ತೆ ಅದೇ. 31ಕ್ಕೆ (2ರ 5ನೇ ಘಾತದಿಂದ 1 ಕಳೆದದ್ದು) ಮಾಡಿದರೆ 4, 14, 8, 0. ಮೂರನೇ ಸಲಕ್ಕೆ ಸೊನ್ನೆ, ಹಾಗಾಗಿ 31 ಅವಿಭಾಜ್ಯ. ನಮ್ಮ 39 ಅಂಕೆಯದಕ್ಕೆ ಹೀಗೆ 125 ಸಲ. ಪ್ರತಿ ಸಲವೂ 39 ಅಂಕೆವರೆಗಿನ ಸಂಖ್ಯೆಯ ವರ್ಗ!

ಇದಕ್ಕೆ ಲೂಕಾಸ್ ಬೈನರಿ ಹಿಡಿದರು. ಚೆಸ್ ಬೋರ್ಡಿನಂಥ ಹಲಗೆಯ ಮೇಲೆ ಒಂದೊಂದು ಮನೆ ಒಂದೊಂದು ಬಿಟ್, ಕಾಯಿ ಇದ್ದರೆ 1, ಇಲ್ಲದಿದ್ದರೆ 0. ಎಲ್ಲಾ ಒಂದುಗಳಿರುವ ಸಂಖ್ಯೆಯಿಂದ ಭಾಗಿಸೋದು ಅಂದರೆ ಆಚೆ ಹೋದ ಬಿಟ್‌ಗಳನ್ನು ಸುತ್ತಿಸಿ ಈಚೆ ತುದಿಗೆ ಕೂಡಿಸೋದು, ಅಷ್ಟೇ. ಒನ್ಸ್ ಕಾಂಪ್ಲಿಮೆಂಟ್ ಓದುವಾಗ ಎಂಡ್ ಅರೌಂಡ್ ಕ್ಯಾರಿ ಯಾಕಪ್ಪಾ ಅಂತ ಬೈಕೊಂಡಿದ್ವಲ್ಲ, ಅದೇ ಇದು.

ಒಂದು ಕ್ಯಾರಿ ತಪ್ಪಿದರೂ ಅಷ್ಟೂ ಶ್ರಮ ಹಾಳು. ಆದರೆ ಕೊನೆಗೆ ಸೊನ್ನೆ ಬಂದರೆ ನೆಮ್ಮದಿ, ತಪ್ಪು ಲೆಕ್ಕ ಆಕಸ್ಮಿಕವಾಗಿ ಸೊನ್ನೆ ಆಗೋದು ಹೆಚ್ಚುಕಮ್ಮಿ ಅಸಾಧ್ಯ. ಸೊನ್ನೆ ಬರದಿದ್ದರೆ ಕಷ್ಟ: ಸಂಖ್ಯೆಯೇ ಹಾಗೋ, ನಾವು ಎಡವಿದ್ವೋ? 67ನೇ ಘಾತದ ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ಅವರು ಅದೇ ವರ್ಷ ಹೇಳಿದರು, ಅಪವರ್ತನಗಳನ್ನು ಕೊಡಲಾಗಲಿಲ್ಲ. 1903ರಲ್ಲಿ ಅಮೆರಿಕದ ಕೋಲ್ 193707721, 761838257287 ಅಂತ ಎರಡನ್ನು ಹುಡುಕಿ ತೋರಿಸಿದಾಗ ಲೂಕಾಸ್ ಇರಲಿಲ್ಲ.

ಹನೋಯ್ ಆಟ ಬಂದದ್ದು 1883ರಲ್ಲಿ, ಸಿಯಾಮ್‌ನ ಯಾವನೋ ಕ್ಲಾಸ್ ಅನ್ನೋ ಪ್ರೊಫೆಸರ್ ಹೆಸರಲ್ಲಿ. ಫ್ರೆಂಚ್ ಅಕ್ಷರಗಳನ್ನು ಕಲಸಿ ಜೋಡಿಸಿದರೆ ಅಮಿಯೆನ್ಸ್‌ನ ಲೂಕಾಸ್! ಕಾಶಿಯ ಗುಡಿಯಲ್ಲಿ 64 ಚಿನ್ನದ ಬಿಲ್ಲೆಗಳಿವೆ ಅನ್ನೋ ಕಥೆ ಬೇರೆ ಹಬ್ಬಿತು. 7 ಬಿಲ್ಲೆ ಇಟ್ಟು ಆಡಿ ನೋಡಿ, ಸರಿಯಾಗಿ 127 ನಡೆ.

1891ರಲ್ಲಿ ಮಾರ್ಸೇಯಲ್ಲಿ ವಿಜ್ಞಾನ ಸಮ್ಮೇಳನದ ಔತಣ. ಬಡಿಸುವವನ ಕೈಯಿಂದ ತಟ್ಟೆಗಳು ಬಿದ್ದು, ಒಡೆದ ಚೂರೊಂದು ಲೂಕಾಸರ ಕೆನ್ನೆಗೆ ತಾಗಿತು. ಗಾಯಕ್ಕೆ ಸೋಂಕಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು, ವಯಸ್ಸು 49. ಅವರ ಸಂಖ್ಯೆಗಿಂತ ದೊಡ್ಡ ಅವಿಭಾಜ್ಯ ಸಿಕ್ಕಿದ್ದು 1951ರಲ್ಲಿ, ಅದೂ ಯಂತ್ರ ಹಿಡಿದು.