ಹಂಪಿಯ ನಕ್ಷೆ ಬರೆಸಿದ ಮೆಕೆಂಜಿ

ಮಕ್ಕಳೇ, ಹಂಪಿಯ ಮಾತಂಗ ಬೆಟ್ಟವನ್ನು ಹತ್ತಿದ್ದೀರಾ? ಮೇಲೆ ನಿಂತು ನೋಡಿದರೆ ವಿರೂಪಾಕ್ಷ ಗುಡಿಯ ಗೋಪುರ, ಅಚ್ಯುತರಾಯನ ಗುಡಿ, ಬಂಡೆಗಳ ನಡುವೆ ಹರಿಯುವ ತುಂಗಭದ್ರಾ ನದಿ, ಆಚೆ ದಡದ ಅಂಜನಾದ್ರಿ ಎಲ್ಲವೂ ಕಾಣುತ್ತವೆ. ದಕ್ಷಿಣದ ಕಡೆ ಹೊಸಪೇಟೆ, ಅದರಾಚೆ ಸಂಡೂರಿನ ಬೆಟ್ಟಸಾಲು. ನದಿ ಹರಿದುಹೋಗುವ ಕಡೆಗೆ ಕಂಪ್ಲಿ. ಇದನ್ನೆಲ್ಲ ಒಂದು ಹಾಳೆಯ ಮೇಲೆ, ಅಳತೆ ತಪ್ಪದಂತೆ ಬರೆಯಿರಿ ಎಂದು ನಿಮ್ಮ ಟೀಚರ್ ಹೇಳಿದರೆ ಎಲ್ಲಿಂದ ಆರಂಭಿಸುತ್ತೀರಿ?

ಈ ಕೆಲಸವನ್ನು 1799ರಲ್ಲಿ ಒಬ್ಬರು ಕೈಗೆತ್ತಿಕೊಂಡರು. ಆಗ ಹಂಪಿ ಹಾಳುಬಿದ್ದು ಇನ್ನೂರಕ್ಕೂ ಹೆಚ್ಚು ವರ್ಷಗಳಾಗಿದ್ದವು. ಹಂಪಿಯ ಅವಶೇಷಗಳನ್ನು ಅಳೆದು ತಯಾರಿಸಿದ ಮೊದಲ ನಕ್ಷೆ ಅವರದೇ. ಅವರ ಹೆಸರು ಕಾಲಿನ್ ಮೆಕೆಂಜಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಅವರು ಎಂಜಿನಿಯರ್ ಆಗಿದ್ದರು.

ಮೊದಲು ಅವರ ಹೆಸರಿನ ವಿಷಯ ತಿಳಿಯೋಣ. ನಮ್ಮಲ್ಲಿ ಮನೆತನಕ್ಕೊಂದು ಅಡ್ಡಹೆಸರು ಇರುವಂತೆ ಸ್ಕಾಟ್ಲೆಂಡಿನಲ್ಲೂ ಇದೆ. ಸಂಡೂರನ್ನು ಆಳಿದ ಘೋರ್ಪಡೆ ಮನೆತನದ ಹೆಸರು ನಿಮಗೆ ಗೊತ್ತಿರಬಹುದು. ಮರಾಠಿಯಲ್ಲಿ ಘೋರ್ಪಡ್ ಎಂದರೆ ಉಡ. ಹಾಗೆಯೇ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಮ್ಯಾಕ್ ಎಂದರೆ ಮಗ. ಮೆಕೆಂಜಿ ಎಂದರೆ ಕೆನೆತ್ ಎಂಬುವನ ಮಗ, ಅಂದರೆ ಅವನ ವಂಶದವನು ಎಂದರ್ಥ. ಈ ಹೆಸರಿನವರು ಪ್ರಪಂಚದಲ್ಲಿ ಬಹಳ ಕಡೆ ಹರಡಿದ್ದಾರೆ. ಕೆನಡಾದಲ್ಲಿ ಮೆಕೆಂಜಿ ಎಂಬ ಮಹಾನದಿಯೇ ಇದೆ. 1789ರಲ್ಲಿ ಅದರ ಗುಂಟ ಆರ್ಕ್‌ಟಿಕ್ ಸಾಗರದವರೆಗೆ ಹೋದ ಅಲೆಕ್ಸಾಂಡರ್ ಮೆಕೆಂಜಿಯ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಇನ್ನೊಬ್ಬ ಅಲೆಕ್ಸಾಂಡರ್ ಮೆಕೆಂಜಿ ಕಲ್ಲುಕುಟಿಗರಾಗಿ ದುಡಿದು, 1873ರಲ್ಲಿ ಕೆನಡಾದ ಪ್ರಧಾನಿಯಾದರು.

ನದಿಗೆ ಹೆಸರು ಕೊಟ್ಟ ಅಲೆಕ್ಸಾಂಡರ್ ಮತ್ತು ನಮ್ಮ ಹಂಪಿಗೆ ಬಂದ ಕಾಲಿನ್, ಇಬ್ಬರೂ ಹುಟ್ಟಿದ್ದು ಒಂದೇ ಊರಿನಲ್ಲಿ! ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸಮುದ್ರದಲ್ಲಿ ಲೂಯಿಸ್ ಎಂಬ ದ್ವೀಪವಿದೆ. ಅಲ್ಲಿನ ಬಂದರು ಸ್ಟಾರ್ನವೇ. ಕಾಲಿನ್ ಅಲ್ಲಿ ಹುಟ್ಟಿದ್ದು ಸುಮಾರು 1754ರಲ್ಲಿ, ಅಲೆಕ್ಸಾಂಡರ್ 1764ರಲ್ಲಿ. ಒಬ್ಬರು ಹಿಮದ ನಾಡಿಗೆ ಹೋದರು, ಇನ್ನೊಬ್ಬರು ಬಳ್ಳಾರಿಯ ಬಿಸಿಲಿಗೆ ಬಂದರು.

ಕಾಲಿನ್ ಅವರ ತಂದೆ ವ್ಯಾಪಾರಿ. ಮಗ ಊರಿನ ಸುಂಕದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ಆದರೆ ಅವನಿಗೆ ಗಣಿತದ ಹುಚ್ಚು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್ ಅವರ ಮನೆತನದವರು ಆಗ ನೇಪಿಯರ್ ಜೀವನಚರಿತ್ರೆ ಬರೆಸುವ ಯೋಚನೆಯಲ್ಲಿದ್ದರು. ಭಾರತದ ಗಣಿತದ ಬಗ್ಗೆಯೂ ಅವರಿಗೆ ಕುತೂಹಲವಿತ್ತು. ಆ ಕೆಲಸದಲ್ಲಿ ನೆರವಾದ ಕಾಲಿನ್‌ಗೆ ಭಾರತದ ಸೆಳೆತ ಹತ್ತಿತು. ದೊಡ್ಡ ದೊಡ್ಡ ಗುಣಾಕಾರಗಳನ್ನು ಬರೀ ಕೂಡಿಸುವ ಲೆಕ್ಕವಾಗಿ ಮಾಡಿಕೊಡುವುದು ಲಾಗರಿದಮ್‌ನ ಚಮತ್ಕಾರ. ಕ್ಯಾಲ್ಕುಲೇಟರ್ ಇಲ್ಲದ ಆ ಕಾಲದಲ್ಲಿ ಭೂಮಾಪಕರಿಗೆ ಲಾಗರಿದಮ್ ಪಟ್ಟಿಯೇ ಆಧಾರವಾಗಿತ್ತು.

1783ರಲ್ಲಿ, ಮೂವತ್ತರ ಹತ್ತಿರದ ವಯಸ್ಸಿನಲ್ಲಿ, ಮೆಕೆಂಜಿ ಮದರಾಸಿಗೆ ಬಂದಿಳಿದರು. ಕಂಪನಿಯ ಸೈನ್ಯ ಸೇರಿ, ಸ್ವಲ್ಪ ಕಾಲದಲ್ಲೇ ಎಂಜಿನಿಯರುಗಳ ವಿಭಾಗಕ್ಕೆ ಹೋದರು. ಟಿಪ್ಪು ಸುಲ್ತಾನನ ಮೇಲೆ ಕಂಪನಿ ಮಾಡಿದ ಯುದ್ಧಗಳಲ್ಲಿ ಅವರಿದ್ದರು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗಲೂ ಅಲ್ಲಿದ್ದರು. ಇದನ್ನು ಮರೆಯಬಾರದು. ಗೆದ್ದ ನೆಲದಲ್ಲಿ ಯಾವ ಊರು ಎಲ್ಲಿದೆ, ದಾರಿ ಯಾವುದು, ಕೆರೆ ಎಷ್ಟು, ಕಂದಾಯ ಎಷ್ಟು ಬಂದೀತು ಎಂಬುದೆಲ್ಲ ಕಂಪನಿಗೆ ಬೇಕಾಗಿತ್ತು. ಮೈಸೂರು ಸೀಮೆಯನ್ನು ಅಳೆಯುವ ಕೆಲಸವನ್ನು ಮೆಕೆಂಜಿಯವರಿಗೆ ವಹಿಸಿದ್ದು ಅದಕ್ಕಾಗಿಯೇ. ನಮ್ಮ ಬಳ್ಳಾರಿ ಸೀಮೆ ಆಗ ನಿಜಾಮನ ಪಾಲಿಗೆ ಬಂದಿತ್ತು. 1800ರಲ್ಲಿ ನಿಜಾಮ ಅದನ್ನೂ ಕಂಪನಿಗೆ ಬಿಟ್ಟುಕೊಟ್ಟ.

ಬೆಟ್ಟ, ಬಂಡೆ, ನದಿ ತುಂಬಿದ ಹಂಪಿಯಂಥ ಜಾಗವನ್ನು ಅಳೆಯುವುದು ಹೇಗೆ? ಹೊಲದಲ್ಲಿ ಸರಪಳಿ ಹಿಡಿದು ಅಳೆಯಬಹುದು. ನದಿಯ ಮೇಲೆ ಸರಪಳಿ ಎಳೆಯಲಾದೀತೇ? ಇದಕ್ಕೆ ಭೂಮಾಪಕರು ತ್ರಿಕೋನದ ಉಪಾಯ ಹೂಡುತ್ತಾರೆ. ಸಮತಟ್ಟಾದ ಜಾಗದಲ್ಲಿ ಒಂದು ಗೆರೆಯನ್ನು ಬಹಳ ಎಚ್ಚರಿಕೆಯಿಂದ ಅಳೆಯುತ್ತಾರೆ. ಇದು ಆಧಾರರೇಖೆ. ಅದರ ಎರಡೂ ತುದಿಗಳಲ್ಲಿ ನಿಂತು ದೂರದ ಬೆಟ್ಟದ ತುದಿಯನ್ನು ಥಿಯೋಡೊಲೈಟ್ ಎಂಬ ದೂರದರ್ಶಕ ಯಂತ್ರದಿಂದ ನೋಡಿ ಕೋನ ಅಳೆಯುತ್ತಾರೆ. ಒಂದು ಬಾಹು, ಎರಡು ಕೋನ ಗೊತ್ತಾದರೆ ತ್ರಿಕೋನದ ಉಳಿದ ಬಾಹುಗಳನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಬೆಟ್ಟದ ಹತ್ತಿರ ಹೋಗುವುದೇ ಬೇಡ! ಹೀಗೆ ಸಿಕ್ಕ ಹೊಸ ಬಾಹುವೇ ಮುಂದಿನ ತ್ರಿಕೋನಕ್ಕೆ ಆಧಾರ. ತ್ರಿಕೋನದ ಪಕ್ಕ ತ್ರಿಕೋನ ಹೆಣೆಯುತ್ತಾ ಹೋದರೆ ಇಡೀ ನಾಡೇ ನಕ್ಷೆಯೊಳಗೆ ಬರುತ್ತದೆ.

ನಿಮ್ಮ ಶಾಲೆಯ ಮೈದಾನದಲ್ಲಿ ಇದನ್ನು ಮಾಡಿ ನೋಡಿ. 10 ಮೀಟರ್ ಉದ್ದದ ಗೆರೆ ಎಳೆಯಿರಿ. ಒಂದು ತುದಿಯಲ್ಲಿ ನಿಂತಾಗ ದೂರದ ಮರವೊಂದು ಗೆರೆಗೆ 90 ಡಿಗ್ರಿಯಲ್ಲಿ ಕಾಣುವಂತಿರಲಿ. ಇನ್ನೊಂದು ತುದಿಯಲ್ಲಿ ಕೋನ 60 ಡಿಗ್ರಿ ಬಂತು ಎನ್ನಿ. ಈಗ ಹಾಳೆಯ ಮೇಲೆ ಒಂದು ಮೀಟರಿಗೆ ಒಂದು ಸೆಂಟಿಮೀಟರಿನಂತೆ ಅದೇ ತ್ರಿಕೋನ ಬರೆಯಿರಿ. ಮೊದಲ ತುದಿಯಿಂದ ಮರದ ಗುರುತಿಗೆ ಸ್ಕೇಲು ಇಟ್ಟರೆ ಸುಮಾರು 17.3 ಸೆಂಟಿಮೀಟರ್ ಬರುತ್ತದೆ. ಅಂದರೆ ಮರ 17.3 ಮೀಟರ್ ದೂರದಲ್ಲಿದೆ. ಆಮೇಲೆ ಟೇಪು ಹಿಡಿದು ಪರೀಕ್ಷಿಸಿ.

ಮೆಕೆಂಜಿಯವರ ಮೈಸೂರು ಸರ್ವೆ ಸುಮಾರು ಹತ್ತು ವರ್ಷ ನಡೆಯಿತು. ಸುಮಾರು 40,000 ಚದರ ಮೈಲಿ ನೆಲ ನಕ್ಷೆಗೆ ಬಂತು. ಕಂಪನಿಯ ಯಜಮಾನರು ಖರ್ಚು ಕಡಿಮೆ ಮಾಡಿ ಎಂದು ಪೀಡಿಸುತ್ತಿದ್ದರು. ಕಾಡುಜ್ವರದಿಂದ ತಂಡದವರು ಮತ್ತೆ ಮತ್ತೆ ಮಲಗುತ್ತಿದ್ದರು. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟು ರೊನಾಲ್ಡ್ ರಾಸ್ ಅವರಿಂದ ತಿಳಿದದ್ದು 1897ರಲ್ಲಿ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದೇ ಅಲ್ಲಿಯವರೆಗೆ ಜನ ನಂಬಿದ್ದರು.

ಬರೀ ನಕ್ಷೆ ಬರೆದಿದ್ದರೆ ಮೆಕೆಂಜಿಯವರನ್ನು ಇಷ್ಟು ಜನ ನೆನೆಯುತ್ತಿರಲಿಲ್ಲ. ಊರಿನ ಸ್ಥಳ ಅಳೆದಂತೆ ಊರಿನ ಕಥೆಯನ್ನೂ ಬರೆಸಬೇಕು ಎಂದು ಅವರಿಗೆ ಅನಿಸಿತು. ಈ ಊರು ಯಾರು ಕಟ್ಟಿದರು, ಗುಡಿ ಯಾರದು, ಕೆರೆ ಯಾವಾಗ ಆಯಿತು, ಯಾವ ಬೆಳೆ ಬೆಳೆಯುತ್ತಾರೆ ಎಂದು ಕೇಳಿ ಬರೆಸಿದ ಇಂಥ ದಾಖಲೆಗಳಿಗೆ ಕೈಫಿಯತ್ತು ಎನ್ನುತ್ತಾರೆ. ಶಾನುಭೋಗರ ಮನೆಗಳಲ್ಲಿ ಕಡತಗಳಿದ್ದವು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪಾಗಿಸಿ, ಬಳಪದಲ್ಲಿ ಬರೆಯುವ ಮಡಿಕೆ ಪುಸ್ತಕವೇ ಕಡತ.

ಒಂದು ಸ್ವಾರಸ್ಯ ಗೊತ್ತೇ? ಮೆಕೆಂಜಿಯವರಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ! ಊರೂರು ಸುತ್ತಿ, ಜನರ ಅನುಮಾನ ಕಳೆದು, ಓದಿ, ಬರೆದು ತಂದವರು ಅವರ ಸಹಾಯಕರು. ಅವರಲ್ಲಿ ಮುಖ್ಯರು ಏಲೂರಿನ ಕಾವಲಿ ಸಹೋದರರು. ಹಿರಿಯರಾದ ವೆಂಕಟ ಬೋರಯ್ಯ ಹಲವು ಭಾಷೆ ಬಲ್ಲವರು. ಓದಲು ಯಾರಿಗೂ ಬಾರದಿದ್ದ ಹಳಗನ್ನಡ ಶಾಸನಗಳ ಅಕ್ಷರ ಗುರುತಿಸಿದರು. 1803ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡರು. ತಮ್ಮ ಲಕ್ಷ್ಮಯ್ಯ ಆ ಜಾಗದಲ್ಲಿ ನಿಂತರು. ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಹಳಗನ್ನಡ ಓದಲು ನೆರವಾದರು. 1816ರಲ್ಲಿ ಥಾಮಸ್ ಹಿಕಿ ಎಂಬ ಕಲಾವಿದ ಬರೆದ ಚಿತ್ರದಲ್ಲಿ ಕೆಂಪು ಕೋಟಿನ ಮೆಕೆಂಜಿಯವರ ಜೊತೆ ಮೂವರು ಭಾರತೀಯ ಸಹಾಯಕರೂ ನಿಂತಿದ್ದಾರೆ. ಅಂದಿನ ಕಂಪನಿ ಅಧಿಕಾರಿಗಳ ಚಿತ್ರಗಳಲ್ಲಿ ಇದು ಅಪರೂಪ.

1815ರಲ್ಲಿ ಮೆಕೆಂಜಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದರು. ನಡುವೆ ಎರಡು ವರ್ಷ ಜಾವಾ ದ್ವೀಪದಲ್ಲೂ ಇದ್ದು ಬಂದಿದ್ದರು. ಕೂಡಿಟ್ಟ ಎಲ್ಲವನ್ನೂ ಒಪ್ಪ ಮಾಡಿ ಪುಸ್ತಕ ಬರೆಯುವ ಆಸೆ ಅವರಿಗಿತ್ತು. ಅದಕ್ಕೆ ಸಮಯ ಸಿಗಲಿಲ್ಲ. 1821ರ ಮೇ 8ರಂದು ಕಲ್ಕತ್ತೆಯ ಬಳಿ ತೀರಿಕೊಂಡರು. ಹುಟ್ಟೂರನ್ನು ಬಿಟ್ಟುಬಂದವರು ಮತ್ತೆ ಅದನ್ನು ನೋಡಲೇ ಇಲ್ಲ.

ಅವರ ಸಂಗ್ರಹದಲ್ಲಿ ಶಾಸನಗಳ ಪ್ರತಿಗಳೇ 8,076 ಇದ್ದವು. ನಾಣ್ಯಗಳು 6,218. ಅವರ ಪತ್ನಿಗೆ ಒಂದು ಲಕ್ಷ ರೂಪಾಯಿ ಕೊಟ್ಟು ಸರ್ಕಾರ ಎಲ್ಲವನ್ನೂ ಕೊಂಡಿತು. ಆಮೇಲೆ ಅದು ಹರಿದು ಹಂಚಿಹೋಯಿತು. ಒಂದು ಪಾಲು ಲಂಡನ್ನಿಗೆ, ಒಂದು ಪಾಲು ಮದರಾಸಿಗೆ, ಒಂದಿಷ್ಟು ಕಲ್ಕತ್ತೆಯಲ್ಲೇ ಉಳಿಯಿತು.

ಅರ್ಧಕ್ಕೆ ನಿಂತ ಕೆಲಸವನ್ನು ತಾವು ಮುಂದುವರಿಸುತ್ತೇವೆ ಎಂದು ಲಕ್ಷ್ಮಯ್ಯ 1830ರ ದಶಕದಲ್ಲಿ ಕೇಳಿಕೊಂಡರು. ಸುಮಾರು ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ್ದವರು ಅವರು. ಸಂಗ್ರಹದ ಒಳಹೊರಗು ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಆದರೂ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯವರು ಒಪ್ಪಲಿಲ್ಲ. ಇಂಥ ದೊಡ್ಡ ಕೆಲಸವನ್ನು ಭಾರತೀಯರೊಬ್ಬರು ನಡೆಸಬಲ್ಲರೆಂಬ ನಂಬಿಕೆ ಅವರಿಗಿರಲಿಲ್ಲ. ಲಕ್ಷ್ಮಯ್ಯನವರ ತಮ್ಮ ರಾಮಸ್ವಾಮಿ ಅದಕ್ಕೂ ಮೊದಲೇ, 1829ರಲ್ಲಿ, ದಕ್ಷಿಣದ ಕವಿಗಳ ಜೀವನವನ್ನು ಕುರಿತು ಇಂಗ್ಲಿಷಿನಲ್ಲೇ ಒಂದು ಪುಸ್ತಕ ಪ್ರಕಟಿಸಿದ್ದರು!

ಮದರಾಸಿನಲ್ಲಿ ಉಳಿದ ಕಾಗದಗಳಲ್ಲಿ ಕನ್ನಡದ ಕೈಫಿಯತ್ತುಗಳೂ ಇದ್ದವು. ಅವುಗಳನ್ನು ವಿದ್ವಾಂಸರಾದ ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದರು. ಕರ್ನಾಟಕದ ಕೈಫಿಯತ್ತುಗಳು ಎಂಬ ಹೆಸರಿನಲ್ಲಿ 1994ರಲ್ಲಿ ಆ ಪುಸ್ತಕವನ್ನು ಪ್ರಕಟಿಸಿದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಮೆಕೆಂಜಿಯವರು ಸರ್ವೆ ಮಾಡಿಸಿದ ಗುಡಿಗೋಪುರಗಳಿಂದ ಅದು ಕೆಲವೇ ಕಿಲೋಮೀಟರ್ ದೂರದಲ್ಲಿದೆ.