ತತ್ವಪದಕಾರ ಸಂತ ಶಿಶುನಾಳ ಶರೀಫರು (1819–1889)

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಗ್ರಾಮವು ಕನ್ನಡ ನಾಡಿನ ತತ್ವಪದ ಪರಂಪರೆಯ ಜನಪ್ರಿಯ ಕವಿ ಹಾಗೂ ಅನುಭಾವಿಗಳಾದ ಸಂತ ಶರೀಫರ ಜನ್ಮಸ್ಥಳವಾಗಿದ್ದು, ಅವರ ಗದ್ದುಗೆಯೂ ಇದೇ ಗ್ರಾಮದಲ್ಲಿದೆ. ದಾಸಶ್ರೇಷ್ಠರಾದ ಕನಕದಾಸರು ಜನಿಸಿದ ಬಾಡ ಗ್ರಾಮವೂ ಇದೇ ತಾಲ್ಲೂಕಿಗೆ ಸೇರಿದೆ. ಮುಸ್ಲಿಂ ಮನೆತನದಲ್ಲಿ ಜನಿಸಿ, ಬ್ರಾಹ್ಮಣ ಗುರುಗಳಿಂದ ಉಪದೇಶ ಪಡೆದು, ವೀರಶೈವ ಅನುಭಾವ ಸಾಹಿತ್ಯವನ್ನು ಮೈಗೂಡಿಸಿಕೊಂಡ ಶರೀಫರು ತಾನು ಯಾರು ಎಂಬ ಒಂದೇ ಪ್ರಶ್ನೆಯನ್ನು ಜೀವನವಿಡೀ ಬಿಡದೆ ಹಿಡಿದವರು. ಆ ಪ್ರಶ್ನೆಗೆ ದೊರೆತ ಉತ್ತರವನ್ನು ಹಳ್ಳಿಯ ಜನರ ಆಡುಮಾತಿನಲ್ಲಿ ಹಾಡಿದ್ದರಿಂದ ಅವರ ಪದಗಳು ಇಂದಿಗೂ ನಾಡಿನ ನಾಲಗೆಯ ಮೇಲೆ ಉಳಿದಿವೆ.

ಜನನ ಮತ್ತು ಬಾಲ್ಯ

ಶರೀಫರು 1819ರಲ್ಲಿ ಜನಿಸಿದರು. ಅವರ ಪೂರ್ಣ ಹೆಸರು ಮಹಮ್ಮದ್ ಶರೀಫ. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಇಮಾಮ್ ಸಾಹೇಬರು ಸಮೀಪದ ಹುಲಗೂರಿನ ಸಂತ ಹಜರೇಶ ಖಾದರಿಯವರ ಭಕ್ತರಾಗಿದ್ದರು. ಖಾದರಿಯವರು ಮತಭೇದವನ್ನು ಎಣಿಸದೆ ಹಿಂದೂ ಮುಸ್ಲಿಮರಿಬ್ಬರನ್ನೂ ಆದರಿಸಿದವರೆಂದೂ, ಅವರ ಆಶೀರ್ವಾದದಿಂದಲೇ ಈ ದಂಪತಿಗೆ ಪುತ್ರ ಸಂತಾನವಾಯಿತೆಂದೂ ಈ ಭಾಗದಲ್ಲಿ ಪ್ರತೀತಿ ಇದೆ.

ಶರೀಫರು ಜನಿಸುವುದಕ್ಕೆ ಒಂದು ವರ್ಷ ಮೊದಲು, 1818ರಲ್ಲಿ, ಪೇಶ್ವೆಯರ ಆಳ್ವಿಕೆ ಕೊನೆಗೊಂಡು ಧಾರವಾಡ ಸೀಮೆಯು ಬ್ರಿಟಿಷರ ವಶವಾಗಿತ್ತು. ಆಡಳಿತ ಬದಲಾದರೂ ಹಳ್ಳಿಗಳ ಬದುಕು ಹಿಂದಿನಂತೆಯೇ ಸಾಗಿತ್ತು. ಮೊಹರಮ್ ಹಬ್ಬದಲ್ಲಿ ಹಿಂದೂಗಳು ಅಲಾವಿ ಕುಣಿಯುತ್ತಿದ್ದರು. ಬಸವಣ್ಣನ ಜಾತ್ರೆಯಲ್ಲಿ ಮುಸ್ಲಿಮರು ಪಾಲ್ಗೊಳ್ಳುತ್ತಿದ್ದರು. ಆದರೆ ಪಂಕ್ತಿ, ದೀಕ್ಷೆ, ವಿವಾಹ ಹಾಗೂ ಅಂತ್ಯಕ್ರಿಯೆಗಳ ವಿಷಯದಲ್ಲಿ ಪ್ರತಿಯೊಂದು ಜಾತಿಯೂ ತನ್ನ ಗೆರೆಯನ್ನು ದಾಟುತ್ತಿರಲಿಲ್ಲ. ಕೂಡಿ ಬಾಳುವ ಸೌಹಾರ್ದ ಮತ್ತು ದಾಟಲಾಗದ ಗೆರೆ, ಇವೆರಡರ ನಡುವೆ ಶರೀಫರ ಜೀವನವು ರೂಪುಗೊಂಡಿತು.

ಬಾಲಕ ಶರೀಫರಿಗೆ ಕುರಾನಿನ ಜೊತೆಗೆ ರಾಮಾಯಣ ಮಹಾಭಾರತಗಳ ಕಥೆಗಳೂ, ಶರಣರ ಚರಿತ್ರೆಗಳೂ ಪರಿಚಿತವಾದವು. ಅಲ್ಲಮಪ್ರಭುವಿನ ಜೀವನವನ್ನು ಕುರಿತ ಚಾಮರಸನ ಪ್ರಭುಲಿಂಗಲೀಲೆ ಹಾಗೂ ನಿಜಗುಣ ಶಿವಯೋಗಿಗಳ ಕೃತಿಗಳು ಆ ಕಾಲದಲ್ಲಿ ಉತ್ತರ ಕರ್ನಾಟಕದ ಮಠಗಳಲ್ಲಿಯೂ ಮನೆಗಳಲ್ಲಿಯೂ ಪಠಣಗೊಳ್ಳುತ್ತಿದ್ದವು. ಶರೀಫರ ಪದಗಳಲ್ಲಿ ಕಂಡುಬರುವ ಯೋಗ ಮತ್ತು ವೇದಾಂತದ ಪರಿಭಾಷೆಗೆ ಈ ಪರಂಪರೆಯೇ ಮೂಲವಾಗಿದೆ.

ಶಿಕ್ಷಕ ವೃತ್ತಿ ಮತ್ತು ಅಂತರಂಗದ ಅತೃಪ್ತಿ

ಶರೀಫರು ಅಂದಿನ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಸುತ್ತಲಿನ ಹಳ್ಳಿಗಳ ಶಾಲೆಗಳಲ್ಲಿ ಕೆಲವು ವರ್ಷಗಳ ಕಾಲ ಶಿಕ್ಷಕರಾಗಿ ಸೇವೆ ಸಲ್ಲಿಸಿದರು. ಓದು ಬರಹ ಬಲ್ಲವರೇ ವಿರಳವಾಗಿದ್ದ ಆ ದಿನಗಳಲ್ಲಿ ಮುಲ್ಕಿ ಪರೀಕ್ಷೆ ಪಾಸಾದವರಿಗೆ ಸಮಾಜದಲ್ಲಿ ಗೌರವವಿತ್ತು. ಬಡ ಕುಟುಂಬವೊಂದಕ್ಕೆ ತಿಂಗಳ ಸಂಬಳವು ದೊಡ್ಡ ಆಸರೆಯಾಗಿತ್ತು. ಆದರೂ ಶರೀಫರ ಮನಸ್ಸು ಅದರಲ್ಲಿ ನೆಲೆಗೊಳ್ಳಲಿಲ್ಲ. ಅಕ್ಷರವನ್ನು ಕಲಿಸುವ ತನಗೆ ತನ್ನ ಅರಿವೇ ಇಲ್ಲವೆಂಬ ಕೊರಗು ಅವರನ್ನು ಕಾಡತೊಡಗಿತು. ಅವರು ವೃತ್ತಿಯನ್ನು ತ್ಯಜಿಸಿ ಸದ್ಗುರುವಿನ ಅನ್ವೇಷಣೆಯಲ್ಲಿ ತೊಡಗಿದರು.

ಗುರು ಗೋವಿಂದಭಟ್ಟರ ಭೇಟಿ

ಇಂದಿನ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಕಳಸ ಗ್ರಾಮದ ಗೋವಿಂದಭಟ್ಟರು ಬ್ರಾಹ್ಮಣ ಮನೆತನದವರಾದರೂ ಆಚಾರಗಳ ಕಟ್ಟಿಗೆ ಒಳಗಾಗದ ಅವಧೂತ ಪ್ರವೃತ್ತಿಯವರು. ಊರಿನ ಸಂಪ್ರದಾಯಸ್ಥರು ಅವರನ್ನು ದೂರವೇ ಇಟ್ಟಿದ್ದರು.

ಗುರು ಶಿಷ್ಯರ ಪ್ರಥಮ ಭೇಟಿಯನ್ನು ಕುರಿತು ಒಂದು ಪ್ರಸಂಗವು ಜನರ ಬಾಯಿಯಲ್ಲಿ ಉಳಿದುಬಂದಿದೆ. ಎದುರಿಗೆ ನಿಂತ ತರುಣನನ್ನು ಭಟ್ಟರು ನಿನ್ನ ತಂದೆ ಯಾರೆಂದು ವಿಚಾರಿಸಿದರಂತೆ. ತಮ್ಮನ್ನು ಹುಟ್ಟಿಸಿದವನೇ ತನ್ನನ್ನೂ ಹುಟ್ಟಿಸಿದವನೆಂಬ ಅರ್ಥದ ಉತ್ತರವನ್ನು ತರುಣನು ನೀಡಿದನಂತೆ. ನೆರೆದವರು ಇದನ್ನು ಉದ್ಧಟತನವೆಂದು ಬಗೆದರೆ, ಭಟ್ಟರು ಹರ್ಷಗೊಂಡು ಶಿಷ್ಯನನ್ನಾಗಿ ಸ್ವೀಕರಿಸಿದರು. ಕುಲಗೋತ್ರಗಳ ಉತ್ತರವನ್ನು ನಿರೀಕ್ಷಿಸುವ ಪ್ರಶ್ನೆಗೆ ಮನುಷ್ಯನ ಮೂಲವನ್ನೇ ತೋರಿಸುವ ಉತ್ತರ ದೊರೆತದ್ದೇ ಆ ಹರ್ಷಕ್ಕೆ ಕಾರಣವೆಂದು ತಿಳಿಯಬಹುದಾಗಿದೆ.

ಅಂದಿನಿಂದ ಗುರುಶಿಷ್ಯರು ಜೊತೆಯಾಗಿ ಊರೂರು ಸಂಚರಿಸಿದರು, ಜೊತೆಯಾಗಿ ಉಂಡರು. ಇದು ಎರಡೂ ಸಮುದಾಯಗಳ ಅಸಮಾಧಾನಕ್ಕೆ ಕಾರಣವಾಯಿತು. ಮುಸ್ಲಿಮರಲ್ಲಿ ಕೆಲವರು ಶರೀಫರನ್ನು ಧರ್ಮ ಬಿಟ್ಟವನೆಂದು ದೂರಿದರು. ಬ್ರಾಹ್ಮಣರಲ್ಲಿ ಕೆಲವರು ಭಟ್ಟರನ್ನು ಜಾತಿ ಕೆಡಿಸಿದವನೆಂದು ಹಳಿದರು. ಈ ಆಕ್ಷೇಪಗಳಿಗೆ ಉತ್ತರವಾಗಿ ಗೋವಿಂದಭಟ್ಟರು ಶಿಷ್ಯನಿಗೆ ಜನಿವಾರವನ್ನು ತೊಡಿಸಿದರೆಂಬ ಕಥೆಯೂ ಪ್ರಚಲಿತವಿದೆ. ಆದಾಗ್ಯೂ ಶರೀಫರು ತಮ್ಮ ಹೆಸರನ್ನಾಗಲಿ ಹುಟ್ಟಿದ ಮನೆತನವನ್ನಾಗಲಿ ಬಿಡಲಿಲ್ಲ. ಹೆಸರು, ಉಡುಪು, ಕುಲಗಳು ದೇಹಕ್ಕೆ ಸಂಬಂಧಿಸಿದವು. ಅವುಗಳನ್ನು ಬದಲಾಯಿಸುವುದರಿಂದ ಒಳಗಿರುವ ಆತ್ಮಕ್ಕೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎಂಬುದು ಅವರ ನಿಲುವಾಗಿತ್ತು.

ಸಂಸಾರದ ಕಷ್ಟಗಳು

ಶರೀಫರ ವಿವಾಹವು ಕುಂದಗೋಳದ ಫಾತಿಮಾ ಎಂಬುವರೊಂದಿಗೆ ನೆರವೇರಿತು. ಅವರಿಗೆ ಒಬ್ಬ ಮಗಳು ಜನಿಸಿದಳು. ಆದರೆ ಈ ಸುಖವು ಹೆಚ್ಚು ಕಾಲ ಬಾಳಲಿಲ್ಲ. ಪತ್ನಿಯೂ ಮಗಳೂ ಅಕಾಲದಲ್ಲಿ ತೀರಿಕೊಂಡರು. ವೃತ್ತಿಯನ್ನು ತ್ಯಜಿಸಿದ್ದ ಶರೀಫರಿಗೆ ಬಡತನವು ಬೆನ್ನಿಗಂಟಿದ ನೆರಳಾಯಿತು.

ಆತ್ಮಜ್ಞಾನವೆಂಬುದು ಬರಿಯ ಮಾತೋ ನಿಜವೋ ಎಂಬುದು ಪರೀಕ್ಷೆಗೆ ಒಳಗಾದದ್ದು ಈ ಕಾಲದಲ್ಲಿ. ಊರಿನ ಆದರವಿಲ್ಲ, ಸಂಬಳವಿಲ್ಲ, ಮನೆಯಲ್ಲಿ ದೀಪ ಹಚ್ಚುವವರಿಲ್ಲ. ಇಂತಹ ಸ್ಥಿತಿಯಲ್ಲಿ ಶರೀಫರು ಹಳೆಯ ವೃತ್ತಿಗೆ ಮರಳಲಿಲ್ಲ, ಗುರುವನ್ನು ತೊರೆಯಲಿಲ್ಲ, ಹಾಡನ್ನೂ ನಿಲ್ಲಿಸಲಿಲ್ಲ. ಹೆಂಡತಿ ತೀರಿದ ಮೇಲೆ ಮಾವನ ಮನೆಯ ಹಂಗು ಉಳಿಯದೆಂಬ ಲೋಕರೂಢಿಯ ಸಂಗತಿಯನ್ನೇ ಎತ್ತಿಕೊಂಡು, ಮೋಹ ಅಳಿದ ಮೇಲೆ ಸಂಸಾರದ ಹಂಗು ಎಲ್ಲಿಯದು ಎಂಬ ಅರ್ಥ ಹೊಮ್ಮುವ ಪದವೊಂದನ್ನು ಅವರು ರಚಿಸಿದರು. ದುಃಖವನ್ನು ಅಲ್ಲಗಳೆಯದೆ, ಅದರ ಮೂಲಕವೇ ಹಾದು ಹೋಗಿ, ಹಾನಿಗೆ ಒಳಗಾಗದ ಒಂದು ನೆಲೆಯನ್ನು ತಲುಪಲು ಸಾಧ್ಯವೆಂಬುದನ್ನು ಆ ಪದವು ತಿಳಿಸುತ್ತದೆ.

ಸಾಧನೆಯ ಮಾರ್ಗ

ಶರೀಫರು ಕಾಡಿಗೆ ತೆರಳಿ ತಪಸ್ಸು ಮಾಡಿದವರಲ್ಲ. ಮಠವನ್ನು ಸ್ಥಾಪಿಸಿದವರೂ ಅಲ್ಲ. ಅವರ ಸಾಧನೆಯನ್ನು ಮುಖ್ಯವಾಗಿ ಮೂರು ಅಂಗಗಳಲ್ಲಿ ಗುರುತಿಸಬಹುದಾಗಿದೆ.

1. ಗುರುಸೇವೆ: ಗುರುವಿನ ಸನ್ನಿಧಿಯಲ್ಲಿ ತನ್ನ ಅಹಂಕಾರವನ್ನು ಕರಗಿಸುವುದು. ಅವರ ಪದಗಳು ಬಹುಮಟ್ಟಿಗೆ ಗುರುಗೋವಿಂದರ ಅಥವಾ ಶಿಶುನಾಳಧೀಶನ ಸ್ಮರಣೆಯೊಂದಿಗೆ ಮುಕ್ತಾಯಗೊಳ್ಳುತ್ತವೆ. ಶಿಶುನಾಳಧೀಶ ಎಂಬುದು ಅವರ ಅಂಕಿತವಾಗಿದ್ದು, ಗ್ರಾಮದ ಆರಾಧ್ಯ ದೈವವಾದ ಬಸವಣ್ಣನನ್ನು ಸೂಚಿಸುತ್ತದೆ.

2. ಸತ್ಸಂಗ: ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರದೇಶವು ಅನೇಕ ಅನುಭಾವಿಗಳ ನೆಲೆಯಾಗಿತ್ತು. ನವಲಗುಂದದ ನಾಗಲಿಂಗ ಸ್ವಾಮಿಗಳು, ಗರಗದ ಮಡಿವಾಳಪ್ಪನವರು, ಹುಬ್ಬಳ್ಳಿಯ ಸಿದ್ಧಾರೂಢರು ಶರೀಫರ ಸಮಕಾಲೀನರು. ಮತ ಮತ್ತು ಮಠಗಳ ಭೇದವಿಲ್ಲದೆ ಸಾಧಕರು ಪರಸ್ಪರ ಭೇಟಿಯಾಗಿ ತತ್ವಚಿಂತನೆ ನಡೆಸುವ ವಾಡಿಕೆ ಆಗ ಇತ್ತು.

3. ಗಾಯನ: ಕಂಡದ್ದನ್ನು ಕಂಡಂತೆಯೇ ಹಾಡುವುದು. ಶರೀಫರ ಪಾಲಿಗೆ ಹಾಡು ಆತ್ಮಪರೀಕ್ಷೆಯ ಉಪಕರಣವಾಗಿತ್ತು. ತಂಬೂರಿಯನ್ನು ಶ್ರುತಿ ಮಾಡಲು ಅರಿಯದವನು ಅದನ್ನು ಹಿಡಿಯಬಾರದೆಂದು ಹೇಳುವ ಅವರ ಪ್ರಸಿದ್ಧ ಪದವು ದೇಹವೆಂಬ ವಾದ್ಯವನ್ನು ಶ್ರುತಿಗೊಳಿಸುವ ಸಾಧನೆಯನ್ನೇ ಕುರಿತದ್ದಾಗಿದೆ.

ಪದಗಳ ಅಂತರಾರ್ಥ

ಶರೀಫರು ಗಹನವಾದ ತತ್ವಗಳನ್ನು ನಿತ್ಯಜೀವನದ ವಸ್ತುಗಳಲ್ಲಿ ಕಂಡರು. ಮಳೆಗಾಲದಲ್ಲಿ ಮಣ್ಣಿನ ಮಾಳಿಗೆ ಸೋರುವುದು ಧಾರವಾಡ ಸೀಮೆಯ ಪ್ರತಿ ಮನೆಯವರಿಗೂ ಗೊತ್ತಿರುವ ಸಂಗತಿ. ಹಾಗೆ ಸೋರುವ ಮಾಳಿಗೆಯನ್ನು ಅವರು ಅಜ್ಞಾನದಿಂದ ಶಿಥಿಲಗೊಂಡ ದೇಹ ಮನಸ್ಸುಗಳಿಗೆ ಹೋಲಿಸಿದರು. ಹುಬ್ಬಳ್ಳಿಯಲ್ಲಿ ನೂಲಿನ ಗಿರಣಿ ಆರಂಭವಾದಾಗ, ಜನರು ಬೆರಗಾಗಿ ನೋಡುತ್ತಿದ್ದ ಆ ಯಂತ್ರದಲ್ಲಿ ಮನುಷ್ಯ ಶರೀರದ ವಿನ್ಯಾಸವನ್ನೇ ಕಂಡು ಪದ ಕಟ್ಟಿದರು. ಕೋಳಿಯು ಕೋಡಗವನ್ನು ನುಂಗಿತೆಂದು ಸಾರುವ ಅವರ ಬೆಡಗಿನ ಪದವನ್ನು ಮಕ್ಕಳೂ ಬಲ್ಲರು. ಚಂಚಲವಾದ ಮನಸ್ಸೆಂಬ ಕೋಡಗವನ್ನು ಅರಿವು ನುಂಗುತ್ತದೆ; ಕೊನೆಗೆ ನಾನು ಎಂಬುದೂ ಗುರುವಿನ ಪಾದದಲ್ಲಿ ಲಯವಾಗುತ್ತದೆ ಎಂದು ಇದಕ್ಕೆ ಅರ್ಥ ಹೇಳಲಾಗುತ್ತದೆ.

ಇವುಗಳ ಜೊತೆಗೆ ಮೊಹರಮ್ ಸಂದರ್ಭದಲ್ಲಿ ಹಾಡುವ ರಿವಾಯತ್ ಪದಗಳನ್ನೂ ಅವರು ರಚಿಸಿದ್ದಾರೆ. ಕರ್ಬಲಾದ ಶೋಕವನ್ನೂ ಬಸವಣ್ಣನ ಸ್ತುತಿಯನ್ನೂ ಒಂದೇ ಭಾವದಿಂದ ಹಾಡಿದ ಕವಿಗಳು ವಿರಳ.

ಈ ಪದಗಳೆಲ್ಲವೂ ಒಂದೇ ವಿಚಾರದತ್ತ ಕೇಳುಗರನ್ನು ಕರೆದೊಯ್ಯುತ್ತವೆ. ದೇಹವು ಬಾಡಿಗೆಯ ಮನೆಯಂತೆ. ಅದರಲ್ಲಿ ವಾಸಿಸುವವನು ಬೇರೆ. ಮನೆಯನ್ನೇ ತಾನೆಂದು ಬಗೆದವನಿಗೆ ಮಾಳಿಗೆ ಸೋರಿದಾಗಲೆಲ್ಲ ದುಃಖ. ವಾಸಿಸುವವನನ್ನು ಗುರುತಿಸಿದವನಿಗೆ ಮಳೆಯೂ ಬಿಸಿಲೂ ಹೊರಗಿನ ಸಂಗತಿಗಳು. ಸಂಪತ್ತು, ಮನ್ನಣೆ, ಸಂಬಂಧಗಳಿಂದ ಬರುವ ಸುಖವು ಅವುಗಳೊಂದಿಗೇ ಹೋಗುತ್ತದೆ. ತನ್ನನ್ನು ತಾನು ಅರಿತದ್ದರಿಂದ ಬರುವ ನೆಮ್ಮದಿಯನ್ನು ಯಾರೂ ಕಸಿಯಲಾರರು. ಶರೀಫರು ಇದನ್ನು ಬೋಧಿಸುವ ಮೊದಲು ತಮ್ಮ ಬದುಕಿನಲ್ಲಿ ಅನುಭವಿಸಿ ತಿಳಿದುಕೊಂಡಿದ್ದರು.

ಅಂತ್ಯಕಾಲ ಮತ್ತು ಸಮಾಧಿ

ಶರೀಫರು 1889ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಶಿಶುನಾಳದಲ್ಲಿ ದೇಹತ್ಯಾಗ ಮಾಡಿದರು. ಅಂತ್ಯಕಾಲ ಸಮೀಪಿಸಿದುದನ್ನು ಅರಿತ ಅವರು ಶರಣರ ಪದ್ಧತಿಯಂತೆ ವಿಭೂತಿ ವೀಳ್ಯದ ವಿಧಿಯನ್ನು ನೆರವೇರಿಸಿಕೊಳ್ಳಲು, ಅಂದರೆ ಜಂಗಮರ ಪಾದವನ್ನು ತಮ್ಮ ಶಿರದ ಮೇಲೆ ಪಡೆಯಲು, ಬಯಸಿದರು. ಮುಸ್ಲಿಮನಾಗಿ ಹುಟ್ಟಿದವನ ತಲೆಯ ಮೇಲೆ ಪಾದವಿಡಲು ಹಲವರು ಹಿಂಜರಿದರೆಂದೂ, ಕೊನೆಗೆ ಜಂಗಮರೊಬ್ಬರು ಒಪ್ಪಿ ಆ ವಿಧಿಯನ್ನು ನೆರವೇರಿಸಿದರೆಂದೂ ಪರಂಪರೆಯಿಂದ ತಿಳಿದುಬರುತ್ತದೆ. ಜೀವನವಿಡೀ ದಾಟಿಕೊಂಡು ಬಂದ ಗೆರೆಯು ಮರಣಶಯ್ಯೆಯ ಬಳಿಯಲ್ಲಿಯೂ ಅವರಿಗೆ ಅಡ್ಡವಾಗಿತ್ತು. ಅದನ್ನು ದಾಟಲು ಕೊನೆಗೆ ಒಬ್ಬರಾದರೂ ಮುಂದೆ ಬಂದದ್ದು ಶರೀಫರ ಬದುಕು ನಿಷ್ಫಲವಾಗಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.

ಅವರ ಅಂತ್ಯಕ್ರಿಯೆಯು ಹಿಂದೂ ಮಂತ್ರಪಠಣ ಮತ್ತು ಕುರಾನ್ ಪಠಣಗಳೆರಡರೊಂದಿಗೆ ನೆರವೇರಿತೆಂದು ಹೇಳಲಾಗುತ್ತದೆ. ಬದುಕಿದ್ದಾಗ ತಮ್ಮವನಲ್ಲವೆಂದು ದೂರಿದ ಎರಡೂ ಕಡೆಯವರು ತೀರಿದ ಮೇಲೆ ತಮ್ಮವನೆಂದು ಕೂಡಿ ಬಂದರು. ಶಿಶುನಾಳದ ಅವರ ಗದ್ದುಗೆಗೆ ಉಭಯ ಧರ್ಮೀಯರೂ ನಡೆದುಕೊಳ್ಳುತ್ತಾರೆ.

ಶರೀಫರ ಸಾಹಿತ್ಯದ ಪ್ರಸಾರ

ಶರೀಫರ ಪದಗಳು ಬಹುಕಾಲ ಭಜನಾ ಮೇಳಗಳ ಮೂಲಕ ಬಾಯಿಯಿಂದ ಬಾಯಿಗೆ ಹರಿದು ಬಂದವು. ಇಪ್ಪತ್ತನೆಯ ಶತಮಾನದಲ್ಲಿ ಆಸಕ್ತ ವಿದ್ವಾಂಸರು ಅವುಗಳನ್ನು ಸಂಗ್ರಹಿಸಿ ಮುದ್ರಿಸಿದರು. ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರ ಪರಿಶ್ರಮ ಹಾಗೂ ಗಾಯಕ ಸಿ. ಅಶ್ವಥ್ ಅವರ ಸ್ವರಸಂಯೋಜನೆ ಮತ್ತು ಗಾಯನದಿಂದ ಈ ಪದಗಳು ನಗರಗಳ ಮನೆಮನೆಗಳನ್ನೂ ತಲುಪಿದವು. 1990ರಲ್ಲಿ ಟಿ. ಎಸ್. ನಾಗಾಭರಣ ಅವರ ನಿರ್ದೇಶನದಲ್ಲಿ ತೆರೆಕಂಡ ಸಂತ ಶಿಶುನಾಳ ಶರೀಫ ಚಲನಚಿತ್ರದಲ್ಲಿ ಶ್ರೀಧರ್ ಅವರು ಶರೀಫರ ಪಾತ್ರವನ್ನೂ ಗಿರೀಶ್ ಕಾರ್ನಾಡ್ ಅವರು ಗೋವಿಂದಭಟ್ಟರ ಪಾತ್ರವನ್ನೂ ನಿರ್ವಹಿಸಿದರು. ಈ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯವನ್ನು ಕುರಿತ ಅತ್ಯುತ್ತಮ ಕಥಾಚಿತ್ರಕ್ಕಾಗಿ ಆಗ ನೀಡಲಾಗುತ್ತಿದ್ದ ನರ್ಗಿಸ್ ದತ್ ರಾಷ್ಟ್ರ ಪ್ರಶಸ್ತಿಯು ಲಭಿಸಿದೆ.

ಸ್ಥಳ ಪರಿಚಯ

1997ರಲ್ಲಿ ಧಾರವಾಡ ಜಿಲ್ಲೆಯನ್ನು ವಿಭಜಿಸಿ ಹಾವೇರಿ ಜಿಲ್ಲೆಯನ್ನು ರಚಿಸಿದಾಗ ಶಿಗ್ಗಾಂವಿ ತಾಲ್ಲೂಕು ನೂತನ ಜಿಲ್ಲೆಗೆ ಸೇರಿತು. ಗುರುಗಳ ಗ್ರಾಮವಾದ ಕಳಸವು ಧಾರವಾಡ ಜಿಲ್ಲೆಯಲ್ಲಿಯೇ ಉಳಿದಿದೆ. ತಾಲ್ಲೂಕು ಕೇಂದ್ರವಾದ ಶಿಗ್ಗಾಂವಿಯು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿದೆ. ಕಚೇರಿ ಕೆಲಸಗಳ ನಿಮಿತ್ತ ತಾಲ್ಲೂಕು ಕೇಂದ್ರಕ್ಕೆ ಆಗಮಿಸುವ ಸಾರ್ವಜನಿಕರು ಅನುಕೂಲವಾದಲ್ಲಿ ಶಿಶುನಾಳಕ್ಕೂ ಭೇಟಿ ನೀಡಿ ಶರೀಫರ ಗದ್ದುಗೆಯ ದರ್ಶನ ಪಡೆಯಬಹುದಾಗಿದೆ. ಹೆಸರು, ತಂದೆಯ ಹೆಸರು, ಜಾತಿ, ವಿಳಾಸಗಳನ್ನು ಅರ್ಜಿಯಲ್ಲಿ ನಮೂದಿಸುವುದು ಲೋಕವ್ಯವಹಾರಕ್ಕೆ ಅವಶ್ಯಕ. ಇವೆಲ್ಲವನ್ನೂ ಬರೆದ ನಂತರವೂ ಉಳಿಯುವ ತಾನು ಯಾರು ಎಂಬ ಪ್ರಶ್ನೆಗೆ ಉತ್ತರವನ್ನು ಪ್ರತಿಯೊಬ್ಬರೂ ತಮ್ಮೊಳಗೇ ಹುಡುಕಿಕೊಳ್ಳಬೇಕೆಂಬುದು ಶರೀಫರ ಬದುಕು ತಿಳಿಸುವ ಸಂದೇಶವಾಗಿದೆ.